ಹೆಜ್ಜೆ ಕಲಿತ ಹುಡುಗ

ಮಗನ ಕುಣಿತವನ್ನು ಕಂಡ ತಾಯಿಯೇ, ಅವನ ಮೈ ತೀರ ಬಿಗಿ, ಅವನೆಂದೂ ನರ್ತಕನಾಗಲಾರನೆಂದು ನುಡಿದರೆ ಮಗನೇನು ಮಾಡಬೇಕು? ನ್ಯೂಯಾರ್ಕ್ ನಗರದ ಹಾರ್ಲೆಮ್ ಬಡಾವಣೆಯ ಫ್ರಾಂಕಿ ಮ್ಯಾನಿಂಗ್ ಎಂಬ ಹುಡುಗನು ಮನೆಯ ಪೊರಕೆಯನ್ನೂ ಕುರ್ಚಿಯನ್ನೂ ಜೊತೆಗಾತಿಯೆಂದು ಬಗೆದು ಅಭ್ಯಾಸಕ್ಕೆ ತೊಡಗಿದನು. ೧೯೧೪ರಲ್ಲಿ ಹುಟ್ಟಿದ ಈ ಹುಡುಗನೇ ಮುಂದೆ 'ಲಿಂಡಿ ಹಾಪ್' ಎಂಬ ಜೋಡಿನೃತ್ಯದ ಆಚಾರ್ಯನಾದನು.

'ಸ್ವಿಂಗ್' ಎಂಬ ಜಾಝ್ ಸಂಗೀತದೊಡನೆ ಬೆಳೆದ ಈ ನೃತ್ಯವು ೧೯೨೦ರ ದಶಕದ ಕೊನೆಯಲ್ಲಿ ಹಾರ್ಲೆಮ್‌ನ ಕಪ್ಪುಜನಾಂಗದವರ ನಡುವೆ ಹುಟ್ಟಿತು. ಅದಕ್ಕೆ ಪಠ್ಯಪುಸ್ತಕವಿರಲಿಲ್ಲ, ನೃತ್ಯದ ಸಭಾಂಗಣಗಳೇ ಶಾಲೆ. ಎಳೆಯರಿಗೆ ಆಲ್ಹಾಂಬ್ರಾ, ತುಸು ಬಲಿತವರಿಗೆ ರಿನೈಸಾನ್ಸ್, ನುರಿತವರಿಗೆ ಸವಾಯ್. ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಕಾಲೇಜುಗಳಂತಿದ್ದ ಈ ಮೂರನ್ನೂ ಮ್ಯಾನಿಂಗ್ ಕ್ರಮವಾಗಿ ಏರಿದನು. ೧೯೨೬ರಲ್ಲಿ ತೆರೆದ ಸವಾಯ್‌ನಲ್ಲಿ ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿಯುತ್ತಿದ್ದರು. ಆ ಕಾಲದ ಅಮೆರಿಕದಲ್ಲಿ ಇದು ಅಪೂರ್ವವಾದ ಸಂಗತಿ.

ಹೊಸಬರ ಮೊದಲ ಪಾಠ ಮಂಡಿಯನ್ನು ಸಡಿಲಿಸಿ ತಾಳಕ್ಕೆ ನಡೆಯುವುದು. ಎರಡನೆಯದು ಎರಡು ಎಣಿಕೆಯಲ್ಲಿ ಮೂರು ಹೆಜ್ಜೆ ಇಡುವುದು. ಇವೆರಡನ್ನೂ ಎಂಟು ಎಣಿಕೆಗಳಲ್ಲಿ ಹೆಣೆದರೆ 'ಸ್ವಿಂಗ್ ಔಟ್' ಆಗುತ್ತದೆ. ಜೋಡಿಯು ಕೂಡುತ್ತದೆ, ಸುತ್ತುತ್ತದೆ, ಒಂದು ಕೈಯ ಹಿಡಿತವನ್ನಷ್ಟೇ ಉಳಿಸಿಕೊಂಡು ದೂರ ಸರಿಯುತ್ತದೆ. ಇದೇ ಈ ನೃತ್ಯದ ಜೀವಾಳ. ನಡೆಸುವವರು ಎಳೆದಾಡಬಾರದು; ಅನುಸರಿಸುವವರು ಜಡವಾಗಿ ಎಳೆಸಿಕೊಳ್ಳಬಾರದು. ಒಬ್ಬರ ಇಂಗಿತ ಇನ್ನೊಬ್ಬರಿಗೆ ಕೈಯಿಂದಲೇ ತಿಳಿಯಬೇಕು. ಮಧ್ಯಮ ಹಂತಕ್ಕೆ ಬಂದವರು ಹತ್ತಾರು ಚಮತ್ಕಾರಗಳ ಮೋಹದಲ್ಲಿ ಇದನ್ನು ಮರೆಯುವುದುಂಟು. ಪರಿಣತರಾದವರು ಮತ್ತೆ ಮೊದಲ ನಡಿಗೆಗೇ ಮರಳಿ, ಅದರೊಳಗೇ ವಾದ್ಯಗಳ ಮಾತಿಗೆ ಉತ್ತರ ಕೊಡಲು ಕಲಿಯುತ್ತಾರೆ.

೧೯೩೫ರ ಸ್ಪರ್ಧೆಯೊಂದರಲ್ಲಿ ಮ್ಯಾನಿಂಗ್ ತನ್ನ ಜೊತೆಗಾತಿ ಫ್ರೀಡಾ ವಾಷಿಂಗ್ಟನ್‌ಳನ್ನು ಬೆನ್ನ ಮೇಲಿಂದ ಹೊರಳಿಸಿ ತಾಳಕ್ಕೆ ಸರಿಯಾಗಿ ನೆಲಕ್ಕಿಳಿಸಿದನು. ಅಂದು ಗಾಳಿಗೇರಿದ್ದೂ ನೃತ್ಯದ ಹೆಜ್ಜೆಯೇ ಹೊರತು ಬರಿಯ ಕಸರತ್ತಲ್ಲ.

ಆದರೆ ಕಾಲ ಬದಲಾಯಿತು. ಮಹಾಯುದ್ಧದ ಬಳಿಕ ಜನರ ಅಭಿರುಚಿ ಬೇರೆಯಾಯಿತು; ೧೯೫೮ರಲ್ಲಿ ಸವಾಯ್ ಮುಚ್ಚಿತು. ಮ್ಯಾನಿಂಗ್ ಅದಕ್ಕೂ ಮುನ್ನವೇ ರಂಗವನ್ನು ತೊರೆದು ಅಂಚೆ ಇಲಾಖೆಯ ನೌಕರಿಗೆ ಸೇರಿದ್ದರು. ಮೂವತ್ತು ವರ್ಷ ಹಾಗೆಯೇ ಸಂದವು. ಶಾಲೆಯೂ ಇಲ್ಲ, ಗುರುವೂ ಮೌನ; ವಿದ್ಯೆ ಉಳಿಯುವುದೆಂತು?

೧೯೪೧ರ 'ಹೆಲ್ಝಪಾಪಿನ್' ಮೊದಲಾದ ಚಲನಚಿತ್ರಗಳಲ್ಲಿ ಆ ನೃತ್ಯದ ನೆರಳು ಮಾತ್ರ ಉಳಿದಿತ್ತು. ೧೯೮೦ರ ದಶಕದಲ್ಲಿ ಸ್ವೀಡನ್ನಿನ, ಕ್ಯಾಲಿಫೋರ್ನಿಯಾದ ತರುಣರು ಅಂಥ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ ಹೆಜ್ಜೆಗಳನ್ನು ಹೆಕ್ಕಿದರು. ಆದರೆ ಕೈಯ ಹಿಡಿತ ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದನ್ನು ತೆರೆ ಹೇಳಲಾರದು. ಅವರು ಹಳಬರನ್ನು ಅರಸುತ್ತ ನ್ಯೂಯಾರ್ಕಿಗೆ ಬಂದರು. ೧೯೮೬ರಲ್ಲಿ ಎಪ್ಪತ್ತು ದಾಟಿದ್ದ ಮ್ಯಾನಿಂಗ್ ಮತ್ತೆ ಪಾಠಕ್ಕೆ ನಿಂತರು; ೨೦೦೯ರಲ್ಲಿ ತೀರಿಕೊಳ್ಳುವವರೆಗೆ ದೇಶದೇಶಗಳಲ್ಲಿ ಕಲಿಸಿದರು.

ಇಂದು ಸ್ವೀಡನ್ನಿನ ಹೆರೆಂಗ್ ಎಂಬ ಸಣ್ಣ ಹಳ್ಳಿಯ ಬೇಸಗೆ ಶಿಬಿರದಲ್ಲಿ ನಾನಾ ದೇಶಗಳವರು ಕಲೆತು ಈ ಹೆಜ್ಜೆಗಳನ್ನು ಕಲಿಯುತ್ತಾರೆ. ಅಲ್ಲಿ ಹೊಸಬನೊಬ್ಬನು ಅಳುಕುತ್ತ ಕೈ ಚಾಚಿದಾಗ ಅದನ್ನು ಹಿಡಿಯುವ ಕೈ, ಇನ್ನೊಂದು ಕೈಯಿಂದ ಕಲಿತದ್ದು; ಆ ಸಾಲು ಪೊರಕೆ ಹಿಡಿದು ಕುಣಿದ ಹುಡುಗನವರೆಗೂ ಸಾಗುತ್ತದೆ.