ವಿಮೆಯ ಕಾರ್ಡು ಮತ್ತು ಹದಿಹರೆಯದ ಲಸಿಕೆ

ಕಳೆದ ಕಬ್ಬಿನ ಹಂಗಾಮಿನಲ್ಲಿ ರಾಯಬಾಗದ ಕಡೆಯ ಪಾಲಕರೊಬ್ಬರು ನನ್ನನ್ನು ಕಾಣಲು ಬಂದಿದ್ದರು. ಅವರ ಮಗ ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟು ಕಬ್ಬು ಕಡಿಯುವ ತಂಡವನ್ನು ಸೇರಿದವನು. ಕುಡುಗೋಲು ಕಾಲಿಗೆ ತಗುಲಿದಾಗ ಅವನನ್ನು ಖಾಸಗಿ ದವಾಖಾನೆಗೆ ಒಯ್ದು, ಆಯುಷ್ಮಾನ್ ಕಾರ್ಡನ್ನು ಮುಂದಿಟ್ಟರಂತೆ. ಹೊಲಿಗೆಗೂ ಧನುರ್ವಾಯುವಿನ ಸೂಜಿಗೂ ರೊಕ್ಕವನ್ನೇ ತೆರಬೇಕಾಯಿತು. “ಗುರುಗಳ, ಐದು ಲಕ್ಷದ ಕಾರ್ಡ ಐತಿ, ಒಂದ ಸೂಜಿಗೆ ನಡಿಯಂಗಿಲ್ಲಂದ್ರ ಹೆಂಗ್ರಿ?” ಎಂದು ಅವರು ಕೇಳಿದರು. ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಬಳಿಕ ವಿಚಾರಿಸಿ ತಿಳಿದುದನ್ನು ವಾಚಕರಲ್ಲಿ ನಿವೇದಿಸುತ್ತೇನೆ.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿತು. ನಮ್ಮ ಸಹಕಾರಿ ಸಂಘಗಳ ರೈತ ಸದಸ್ಯರಿಗೆ ಯಶಸ್ವಿನಿಯು ಚಿರಪರಿಚಿತ. 2003ರಲ್ಲಿ ಜಾರಿಗೆ ಬಂದ ಅದು ನಡುವೆ ನಿಂತು, 2022-23ರಲ್ಲಿ ಮತ್ತೆ ಚಾಲನೆ ಪಡೆಯಿತು. ಇವೆಲ್ಲ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆಂದು, ಶಸ್ತ್ರಕ್ರಿಯೆಗೆಂದು ರಚಿತವಾದವು. ಲಸಿಕೆಯಾದರೋ ಮೈ ನೆಟ್ಟಗಿರುವಾಗಲೇ ಹಾಕಿಸಿಕೊಳ್ಳತಕ್ಕದ್ದು. ಹಾಕಿಸಿಕೊಂಡವನು ಆ ಗಳಿಗೆಯಲ್ಲೇ ಮನೆಗೆ ಮರಳುತ್ತಾನೆ. ‘ವಿಮೆ’ ಎಂಬ ಫಾರಸಿ ಮೂಲದ ಶಬ್ದದ ಒಡಲಲ್ಲಿ ‘ಭಯ’ವೆಂಬ ಅರ್ಥವಿದೆ. ಹದಿನೈದರ ಹುಡುಗನಿಗಾಗಲಿ ಅವನ ತಂದೆಗಾಗಲಿ ಬಾರದ ರೋಗದ ಭಯವೆಲ್ಲಿಯದು?

ಹಾಗಾದರೆ ಲಸಿಕೆ ಬರುವ ದಾರಿ ಯಾವುದು? ಅದು 1985ರಿಂದ ನಡೆದಿರುವ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ. ಅದು ಪೂರ್ಣ ಉಚಿತ, ಯಾವ ಕಾರ್ಡೂ ಬೇಡ. ಶೈಶವದಲ್ಲಿ ಹಾಕಿಸಿದ ಲಸಿಕೆಯ ಬಲ ಕಾಲಕ್ರಮದಲ್ಲಿ ಕುಂದುವುದರಿಂದ, 10ನೆಯ ಮತ್ತು 16ನೆಯ ವಯಸ್ಸಿನಲ್ಲಿ ಅದನ್ನು ಮತ್ತೆ ಹಾಕಬೇಕು. ಹಿಂದೆ ಇದು ಧನುರ್ವಾಯುವಿಗೆ ಮಾತ್ರ ಇತ್ತು. 2019ರ ಸುಮಾರಿಗೆ ಗಂಟಲಮಾರಿಯನ್ನೂ ತಡೆಯುವ ಟಿ.ಡಿ. ಲಸಿಕೆ ಅದರ ಸ್ಥಾನಕ್ಕೆ ಬಂತು. ಶಾಲೆಗಳಲ್ಲಿ ಐದನೆಯ ಮತ್ತು ಹತ್ತನೆಯ ಇಯತ್ತೆಯ ಮಕ್ಕಳಿಗೆ ಇದನ್ನು ಹಾಕುತ್ತಾರೆ. 2017ರಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗಲೂ ಶಾಲೆಗಳೇ ಅದರ ಮುಖ್ಯ ಕೇಂದ್ರಗಳಾಗಿದ್ದುವು. ಎಂದರೆ, ಹದಿಹರೆಯದವರ ನಿಜವಾದ ವಿಮಾಪತ್ರ ನಮ್ಮ ಹಾಜರಿ ಪುಸ್ತಕ. ಎಂಟನೆಯ ಇಯತ್ತೆಗೆ ಅದರಿಂದ ಹೆಸರು ಅಳಿದರೆ, ಹದಿನಾರನೆಯ ವಯಸ್ಸಿನ ಸೂಜಿಯೂ ಸುಲಭವಾಗಿ ತಪ್ಪುತ್ತದೆ. ಬೀಡಿ ಕಟ್ಟಲು ಕುಳಿತ ನಿಪ್ಪಾಣಿಯ ಹುಡುಗಿಯೂ ಹಂಗಾಮಿಗೊಂದು ಊರು ಸೇರುವ ಅಥಣಿಯ ಹುಡುಗನೂ ತಪ್ಪಿಹೋಗುವುದು ಹೀಗೆಯೇ.

ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಎಚ್.ಪಿ.ವಿ. ಲಸಿಕೆಯ ವಿಷಯ ಇನ್ನೂ ಕಠಿಣ. ಅದನ್ನು 9ರಿಂದ 14 ವಯಸ್ಸಿನೊಳಗೆ ಹಾಕಿಸುವುದು ಉತ್ತಮ. ಪುಣೆಯ ಸೀರಂ ಸಂಸ್ಥೆಯ ಲಸಿಕೆ 2023ರಲ್ಲಿ ಬಿಡುಗಡೆಯಾದಾಗ ಒಂದು ಡೋಸಿಗೆ ಸುಮಾರು 2,000 ರೂಪಾಯಿ ಬೆಲೆಯಿತ್ತು. ಸರಕಾರದ ಮೂಲಕ ದೊರೆತರೆ ಉಚಿತ. ಖಾಸಗಿಯಾಗಿ ಕೊಂಡರೆ ಈ ಕಾರ್ಡುಗಳು ಒದಗವು. ಸಿಕ್ಕಿಂ ರಾಜ್ಯ 2018ರಲ್ಲಿಯೇ ಶಾಲೆಗಳ ಮೂಲಕ ಇದನ್ನು ಹೆಣ್ಣುಮಕ್ಕಳಿಗೆ ಹಾಕಿಸಿತ್ತು.

ಗಡಿಯ ತೊಡಕೂ ಒಂದುಂಟು. ಕಾಗವಾಡದವರಿಗೆ ಮಿರಜ, ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಅಲ್ಲಿ ಹಾಕಿಸಿದ ಸೂಜಿಯ ಚೀಟಿಯನ್ನು ಪಾಲಕರು ಜೋಪಾನವಾಗಿಟ್ಟು, ಇಲ್ಲಿಯ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು.

ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ವಿನಂತಿ: ಶಾಲೆ ಬಿಡುವ ಮಗುವಿಗೆ ದಾಖಲೆ ಬರೆದುಕೊಡುವ ದಿನವೇ, ಆ ಹೆಸರನ್ನು ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಿರಿ. ರಾಯಬಾಗದ ಆ ಹುಡುಗನ ಹೆಸರು ಈಗ ಅವರ ಪುಸ್ತಕದಲ್ಲಿದೆ. ಅವನ ತಂಗಿ ಏಳನೆಯ ಇಯತ್ತೆಯಲ್ಲಿದ್ದಾಳೆ. ಮುಂದಿನ ವರ್ಷವೂ ಶಾಲೆಗೆ ಕಳಿಸುವುದಾಗಿ ತಂದೆ ಮಾತು ಕೊಟ್ಟಿದ್ದಾರೆ.