ದುಃಖದ ಮನೆಯಲ್ಲಿ ಬರೆದ ಸುಖದ ಪುಸ್ತಕಗಳು

1759ರ ಜನವರಿ. ಲಂಡನ್ನಿನಲ್ಲಿದ್ದ ಸ್ಯಾಮ್ಯುಯೆಲ್ ಜಾನ್ಸನ್ ಅವರ ತಾಯಿ ದೂರದ ಲಿಚ್‌ಫೀಲ್ಡಿನಲ್ಲಿ ಕೊನೆಯುಸಿರೆಳೆದರು. ಮಗ ಹೋಗಿ ಮುಖ ನೋಡಲಾಗಲಿಲ್ಲ. ಇಂಗ್ಲಿಷ್ ನಿಘಂಟು ಹೊರತಂದು ನಾಲ್ಕು ವರ್ಷವಾಗಿತ್ತು. ಹೆಸರು ಬಂದಿತ್ತು, ದುಡ್ಡು ಬಂದಿರಲಿಲ್ಲ. ತಾಯಿಯ ಅಂತ್ಯಕ್ರಿಯೆಯ ಖರ್ಚಿಗೆ, ಆಕೆ ಉಳಿಸಿಹೋದ ಸಣ್ಣಪುಟ್ಟ ಸಾಲಕ್ಕೆ ಹಣ ಹೊಂದಿಸಬೇಕಿತ್ತು. ಒಂದೇ ವಾರದ ಸಂಜೆಗಳಲ್ಲಿ ಒಂದು ಕಥೆ ಬರೆದು ನೂರು ಪೌಂಡಿಗೆ ಕೊಟ್ಟರು. ಅದೇ ‘ರಾಸೆಲಾಸ್’. ಮನುಷ್ಯ ಸುಖ ಹುಡುಕುವುದರ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ಪುಸ್ತಕವನ್ನು ನಾನು ಓದಿಲ್ಲ.

ರಾಸೆಲಾಸ್ ಅಬಿಸೀನಿಯಾದ ರಾಜಕುಮಾರ. ಸುತ್ತ ಬೆಟ್ಟ, ನಡುವೆ ‘ಸುಖದ ಕಣಿವೆ’. ಅಲ್ಲಿ ಬೇಡಿದ್ದೆಲ್ಲ ಸಿಗುತ್ತದೆ. ಹೊರಗೆ ಹೋಗುವ ದಾರಿ ಮಾತ್ರ ಇಲ್ಲ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವನಿಗೆ ಏನೋ ಚಡಪಡಿಕೆ. ಹೊರಗಿನ ಲೋಕದ ಹಗಲುಗನಸಿನಲ್ಲಿ ಇಪ್ಪತ್ತು ತಿಂಗಳು ಕಳೆಯುತ್ತಾನೆ. ಆಮೇಲೆ, ಅಯ್ಯೋ ಇಷ್ಟು ಕಾಲ ಹಾಳಾಯಿತಲ್ಲ ಎಂದು ಹಲುಬುತ್ತ, ಇನ್ನು ಕಾಲ ವ್ಯರ್ಥ ಮಾಡಬಾರದೆಂದು ಸಂಕಲ್ಪಿಸುತ್ತಲೇ ಮತ್ತೆ ನಾಲ್ಕು ತಿಂಗಳು! ಓದುವಾಗ ನಮ್ಮದೇ ಲೆಕ್ಕದ ಪುಸ್ತಕ ತೆರೆದಂತಾಗುತ್ತದೆ.

ಕಡೆಗೂ ಕವಿ ಇಮ್ಲಾಕ್ ಮತ್ತು ತಂಗಿ ನೆಕಾಯಾ ಜತೆ ಬೆಟ್ಟ ಕೊರೆದು ಹೊರಬಿದ್ದು ಕೈರೋ ಸೇರುತ್ತಾನೆ. ಅಲ್ಲಿ ಒಬ್ಬ ಪಂಡಿತ, ಮನಸ್ಸನ್ನು ಗೆದ್ದವನಿಗೆ ದುಃಖವಿಲ್ಲ ಎಂದು ಸೊಗಸಾಗಿ ಉಪನ್ಯಾಸ ಮಾಡುತ್ತಿರುತ್ತಾನೆ. ರಾಜಕುಮಾರ ಮಾರುಹೋಗುತ್ತಾನೆ. ಕೆಲವು ದಿನ ಬಿಟ್ಟು ಮನೆಗೆ ಹೋದರೆ, ಅರೆಗತ್ತಲ ಕೋಣೆಯಲ್ಲಿ ಪಂಡಿತ ಕುಸಿದು ಕೂತಿದ್ದಾನೆ. ಒಬ್ಬಳೇ ಮಗಳು ಹಿಂದಿನ ರಾತ್ರಿ ಜ್ವರದಿಂದ ತೀರಿಕೊಂಡಿದ್ದಾಳೆ. ನಿಮ್ಮ ವಿವೇಕವೆಲ್ಲ ಎಲ್ಲಿ ಹೋಯಿತು ಎಂದು ಕೇಳಿದರೆ, ಮಗಳು ಇನ್ನು ಬರುವುದಿಲ್ಲ ಎಂದು ಹೇಳುವುದನ್ನು ಬಿಟ್ಟು ಅದು ಇನ್ನೇನು ಮಾಡೀತು ಎನ್ನುತ್ತಾನೆ. ತಾಯಿಯ ಸಾವಿನ ಆಸುಪಾಸಿನಲ್ಲಿ ಮಗ ಬರೆದ ಪುಟವಿದು. ಇಲ್ಲಿ ಜಾನ್ಸನ್ ಪಂಡಿತನನ್ನು ಹಂಗಿಸುವುದಿಲ್ಲ. ಅವನ ಪಕ್ಕದಲ್ಲೇ ಕೂರುತ್ತಾರೆ.

ಅದೇ 1759ರಲ್ಲಿ ವೋಲ್ಟೇರ್ ಅವರ ‘ಕ್ಯಾಂಡಿಡ್’ ಕೂಡ ಬಂತು. ಎಲ್ಲವೂ ಒಳ್ಳೆಯದಕ್ಕೇ ಎಂಬ ಪಾಠ ಕಲಿತ ಹುಡುಗನೊಬ್ಬ ಯುದ್ಧ, ಭೂಕಂಪ, ಕ್ರೌರ್ಯಗಳ ನಡುವೆ ಹಾದುಬರುವ ಕಥೆ. ಅದರ ಹರಿತ ಬೇರೆ. ನನ್ನ ಒಲವು ಜಾನ್ಸನ್ ಅವರತ್ತಲೇ.

ಸುಖದ ಬಗ್ಗೆ ಪುಸ್ತಕಗಳಿಗೆ ಇಂದು ಬರವಿಲ್ಲ. ಅಂಗಡಿಗೆ ಹೋದರೆ ಇಷ್ಟು ಸೂತ್ರ, ಇಷ್ಟು ದಿನ ಎಂದು ಮುಖಪುಟವೇ ಮಾತು ಕೊಡುತ್ತದೆ. ಕೆಲವು ಉಪಯೋಗಕ್ಕೂ ಬರುತ್ತವೆ. ಆದರೆ ಸಾವು ಮನೆಯೊಳಗೆ ಬಂದ ದಿನ ಕೈಗೆತ್ತಿಕೊಳ್ಳಬಹುದಾದವು ಬಹಳ ಕಡಿಮೆ. ಅಂಥದ್ದೊಂದನ್ನು ಬರೆದವರು ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್. ನಾಜಿ ಶಿಬಿರಗಳಲ್ಲಿ ತಾಯಿ, ತಂದೆ, ಅಣ್ಣ, ಹೆಂಡತಿ ಎಲ್ಲರನ್ನೂ ಕಳೆದುಕೊಂಡರು. ಕೋಟಿನೊಳಗೆ ಬಚ್ಚಿಟ್ಟು ತಂದಿದ್ದ ಹಸ್ತಪ್ರತಿಯೂ ಆಶ್‌ವಿಟ್ಸ್‌ನಲ್ಲಿ ಹೋಯಿತು. ಬಿಡುಗಡೆಯಾದ 1945ರಲ್ಲೇ, ಒಂಬತ್ತು ದಿನಗಳಲ್ಲಿ, ಶಿಬಿರದ ಅನುಭವವನ್ನು ಹೇಳಿ ಬರೆಸಿದರು. ತಮ್ಮ ಹೆಸರೇ ಬೇಡ, ಕೈದಿಯ ಸಂಖ್ಯೆ ಸಾಕು ಎಂಬುದು ಮೊದಲಿನ ಇಚ್ಛೆಯಾಗಿತ್ತು. 1946ರಲ್ಲಿ ಅಚ್ಚಾದ ಆ ಕೃತಿ ‘ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್’ ಎಂದು ಜಗತ್ತನ್ನೆಲ್ಲ ಸುತ್ತಿತು. ಸುಖವನ್ನು ಬೆನ್ನಟ್ಟಿದರೆ ಸಿಗದು, ಬದುಕಿಗೊಂದು ಕಾರಣ ಸಿಕ್ಕಾಗ ಅದು ತಾನಾಗಿ ಹಿಂದೆ ಬರುತ್ತದೆ ಎಂಬುದು ಅವರ ನಿಲುವು. ಆರಾಮಕುರ್ಚಿಯಲ್ಲಿ ಕೂತವರು ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಡಿ.ವಿ.ಜಿ. ಅವರ ‘ಮಂಕುತಿಮ್ಮನ ಕಗ್ಗ’ವನ್ನು ದಿಂಬಿನ ಪಕ್ಕ ಇಟ್ಟುಕೊಂಡು ಬೆಳೆದ ಕನ್ನಡಿಗರಿಗೆ ಈ ದನಿ ಹೊಸದಲ್ಲ. ಹಾಗಾಗಿ ಒಂದು ಕೋರಿಕೆ. ಪರಿಚಯದವರ ಮನೆಯಲ್ಲಿ ದುಃಖವಿದ್ದಾಗ ಸೂತ್ರದ ಪುಸ್ತಕ ಒಯ್ಯಬೇಡಿ. ಆ ಪಂಡಿತನ ಪ್ರಸಂಗವಿರುವ ‘ರಾಸೆಲಾಸ್’ನ ಹದಿನೆಂಟನೆಯ ಅಧ್ಯಾಯ ಎರಡು ಮೂರು ಪುಟದ್ದು. ಅದನ್ನು ಮೊದಲು ನೀವು ಓದಿಕೊಳ್ಳಿ, ಆಮೇಲೆ ಆ ಮನೆಗೆ ಹೋಗಿ.