ಮೊಡವೆಗೆ ಊಟದ ತಟ್ಟೆಯಲ್ಲಿ ಪರಿಹಾರವಿದೆಯೇ?

ಹರೆಯದ ಮಕ್ಕಳಿರುವ ಮನೆಯಲ್ಲಿ ಮೊಡವೆಯ ಮಾತು ಬಂದರೆ ಮೊದಲು ಅಪರಾಧಿಯ ಸ್ಥಾನದಲ್ಲಿ ನಿಲ್ಲುವುದು ಶೇಂಗಾ. ಅದರ ಬೆನ್ನಿಗೇ ಮಾವಿನಹಣ್ಣು, ತುಪ್ಪ, ಒಗ್ಗರಣೆಯ ಎಣ್ಣೆ. 'ಉಷ್ಣವಾಗುತ್ತದೆ, ತಿನ್ನಬೇಡ' ಎಂದು ಹಿರಿಯರು ತಡೆಯುತ್ತಾರೆ. ಅದೇ ಮನೆಯಲ್ಲಿ ದಿನಕ್ಕೆ ನಾಲ್ಕು ಬಾರಿ ಸಕ್ಕರೆ ತುಂಬಿದ ಚಹಾ, ಅದರೊಡನೆ ಬಿಸ್ಕತ್ತು ಯಾರ ಆಕ್ಷೇಪವೂ ಇಲ್ಲದೆ ನಡೆದಿರುತ್ತದೆ. ಆಹಾರವನ್ನು ಬದಲಿಸಿದರೆ ಮೊಡವೆ ಕಡಿಮೆಯಾಗುವುದೇ ಎಂದು ಕೇಳುವ ತಾಯಂದಿರು ಅನೇಕರು. ಕೆಲವರಲ್ಲಿ, ಸ್ವಲ್ಪಮಟ್ಟಿಗೆ, ಕಡಿಮೆಯಾಗುತ್ತದೆ ಎಂಬುದು ನಮ್ಮ ಉತ್ತರ. ಆದರೆ ಬಿಡಬೇಕಾದ ಪದಾರ್ಥ ಸಾಮಾನ್ಯವಾಗಿ ನಾವು ಬಿಡಿಸಲು ಹೊರಡುವ ಪದಾರ್ಥವಲ್ಲ.

ಮೊಡವೆ ಹುಟ್ಟುವ ಬಗೆಯನ್ನು ತಿಳಿದರೆ ಇದು ಸ್ಪಷ್ಟವಾಗುತ್ತದೆ. ಚರ್ಮದ ರೋಮಕೂಪಗಳಿಗೆ ಹೊಂದಿಕೊಂಡು ಜಿಡ್ಡನ್ನು ಸ್ರವಿಸುವ ಸಣ್ಣ ಗ್ರಂಥಿಗಳಿವೆ. ಮುಖ, ಎದೆ, ಬೆನ್ನುಗಳಲ್ಲಿ ಇವು ಹೆಚ್ಚು. ಪ್ರಾಯಕ್ಕೆ ಬರುವಾಗ ಆಂಡ್ರೊಜೆನ್ ಎಂಬ ಹಾರ್ಮೋನುಗಳು ಗಂಡುಮಕ್ಕಳಲ್ಲಿಯೂ ಹೆಣ್ಣುಮಕ್ಕಳಲ್ಲಿಯೂ ಏರುವುದರಿಂದ ಈ ಗ್ರಂಥಿಗಳು ಹಿಗ್ಗಿ ಜಿಡ್ಡು ಅಧಿಕವಾಗುತ್ತದೆ. ರೋಮಕೂಪದೊಳಗಿನ ಸತ್ತ ಕೋಶಗಳು ಹೊರಬೀಳದೆ ಜಿಡ್ಡಿಗೆ ಅಂಟಿಕೊಂಡು ಅದರ ಬಾಯನ್ನು ಮುಚ್ಚುತ್ತವೆ. ಚರ್ಮದಲ್ಲಿ ಸದಾ ನೆಲೆಸಿರುವ ಬ್ಯಾಕ್ಟೀರಿಯಾ ಅಲ್ಲಿ ವೃದ್ಧಿಗೊಳ್ಳುತ್ತದೆ. ಆ ಭಾಗ ಕೆಂಪಾಗಿ ಊದಿಕೊಳ್ಳುತ್ತದೆ. ನಾವು ತಿಂದ ಎಣ್ಣೆ ನೇರವಾಗಿ ಮುಖಕ್ಕೆ ಬಂದು ಸೇರುವುದಿಲ್ಲ. ಜಿಡ್ಡನ್ನು ಗ್ರಂಥಿಯೇ ತಯಾರಿಸಿಕೊಳ್ಳುತ್ತದೆ.

ಹಾಗಾದರೆ ಆಹಾರದ ಪಾತ್ರವೇನು? ಸಕ್ಕರೆ, ಮೈದಾ, ಪಾಲಿಶ್ ಮಾಡಿದ ಅಕ್ಕಿ ಮೊದಲಾದವು ಬೇಗನೆ ಜೀರ್ಣವಾಗಿ ರಕ್ತದಲ್ಲಿನ ಸಕ್ಕರೆಯನ್ನು ಥಟ್ಟನೆ ಏರಿಸುತ್ತವೆ. ಅದನ್ನು ಇಳಿಸಲು ದೇಹವು ಇನ್ಸುಲಿನ್ನನ್ನು ಹೆಚ್ಚಾಗಿ ಸುರಿಸುತ್ತದೆ. ಇನ್ಸುಲಿನ್ ಪದೇ ಪದೇ ಏರಿದಾಗ ಆಂಡ್ರೊಜೆನ್‌ಗಳ ಪ್ರಭಾವ ಬಲಗೊಂಡು ಜಿಡ್ಡಿನ ಗ್ರಂಥಿಗೆ ಮತ್ತಷ್ಟು ಚೋದನೆ ದೊರೆಯುತ್ತದೆ.

ಪಪುವಾ ನ್ಯೂಗಿನಿಗೆ ಸೇರಿದ ಕಿತಾವಾ ದ್ವೀಪದಲ್ಲಿ ಗೆಡ್ಡೆಗೆಣಸು, ಹಣ್ಣು, ತೆಂಗು, ಮೀನುಗಳನ್ನು ತಿಂದು ಬದುಕುವ ಸುಮಾರು 1200 ಜನರನ್ನು ಪರೀಕ್ಷಿಸಿದ ವಿಜ್ಞಾನಿಗಳು ಒಬ್ಬರಲ್ಲಿಯೂ ಮೊಡವೆ ಕಾಣಲಿಲ್ಲವೆಂದು 2002ರಲ್ಲಿ ವರದಿ ಮಾಡಿದರು. ವಂಶಗುಣವೂ ಇದಕ್ಕೆ ಕಾರಣವಿರಬಹುದಾದ್ದರಿಂದ ಇದೊಂದನ್ನೇ ನಂಬಿ ತೀರ್ಮಾನಿಸಲಾಗದು. ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಆಸ್ಟ್ರೇಲಿಯಾದ್ದು. 2007ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 15ರಿಂದ 25 ವಯಸ್ಸಿನ 43 ಯುವಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಆಹಾರವನ್ನು 12 ವಾರ ನೀಡಲಾಯಿತು. ಈ ಗುಂಪಿನಲ್ಲಿ ಸರಾಸರಿ 23ಕ್ಕೂ ಹೆಚ್ಚು ಮೊಡವೆಗಳು ಕಡಿಮೆಯಾದರೆ, ಇನ್ನೊಂದರಲ್ಲಿ ಕಡಿಮೆಯಾದದ್ದು 12. ಮೊದಲ ಗುಂಪಿನವರ ತೂಕವೂ ಇಳಿದಿತ್ತಾದ್ದರಿಂದ ಫಲದಲ್ಲಿ ಅದರ ಪಾಲೂ ಇರಬಹುದು. ಯಾರ ಮುಖವೂ ಆಹಾರದಿಂದಲೇ ಪೂರ್ತಿ ತಿಳಿಯಾಗುತ್ತದೆಂದು ಇದರ ಅರ್ಥವಲ್ಲ.

ಹೀಗಿರುವಾಗ ಶೇಂಗಾ ಚಟ್ನಿಯನ್ನು ಏಕೆ ಬಿಡಿಸಬೇಕು? ಶೇಂಗಾ ರಕ್ತದ ಸಕ್ಕರೆಯನ್ನು ಬಹಳ ನಿಧಾನವಾಗಿ ಏರಿಸುತ್ತದೆ. ಅದು ಮೊಡವೆ ತರುತ್ತದೆಂಬುದಕ್ಕೆ ಬಲವಾದ ಆಧಾರವಿಲ್ಲ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಸೊಪ್ಪು, ಹಸಿ ಸೌತೆಕಾಯಿ ಇರುವ ನಮ್ಮ ಹಳೆಯ ಊಟವೇ ಈ ವಿಷಯದಲ್ಲಿ ಉತ್ತಮ. ಅನ್ನವನ್ನೇ ಉಣ್ಣುವವರು ಅನ್ನದ ಪ್ರಮಾಣವನ್ನು ತಗ್ಗಿಸಿ ಬೇಳೆ, ಕಾಳು, ತರಕಾರಿಗಳನ್ನು ಹೆಚ್ಚಿಸಲಿ. ಕಡಿಮೆ ಮಾಡಬೇಕಾದವು ಚಹಾದ ಸಕ್ಕರೆ, ಬಿಸ್ಕತ್ತು, ಬ್ರೆಡ್ಡು, ಬೇಕರಿ ತಿಂಡಿ, ಬಾಟಲಿಯ ತಂಪು ಪಾನೀಯ. ಸಕ್ಕರೆ ಬಿಟ್ಟು ಬೆಲ್ಲಕ್ಕೆ ಹೋದೆವೆಂದು ಸಮಾಧಾನಪಡುವವರಿದ್ದಾರೆ. ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಬೆಲ್ಲ ಹಿಂದೆ ಬಿದ್ದಿಲ್ಲ. ಹಬ್ಬಕ್ಕೊಂದು ಹೋಳಿಗೆ ಉಂಡರೆ ಮೊಡವೆ ಬರುವುದಿಲ್ಲ, ನಿತ್ಯದ ರೂಢಿಯೇ ಮುಖ್ಯ.

ಹಾಲಿನ ವಿಷಯದಲ್ಲಿ ಎಚ್ಚರ ಬೇಕು. ಅಮೆರಿಕದಲ್ಲಿ 47,000ಕ್ಕೂ ಹೆಚ್ಚು ಮಹಿಳೆಯರು ತಮ್ಮ ಶಾಲಾದಿನಗಳ ಆಹಾರವನ್ನು ನೆನಪಿಸಿಕೊಂಡು ನೀಡಿದ ಮಾಹಿತಿಯಲ್ಲಿ, ಹಾಲು, ವಿಶೇಷವಾಗಿ ಕೆನೆ ತೆಗೆದ ಹಾಲು, ಹೆಚ್ಚು ಕುಡಿದವರಲ್ಲಿ ಮೊಡವೆಯೂ ಹೆಚ್ಚಿತ್ತು. ಇದು ನೆನಪನ್ನು ಆಧರಿಸಿದ ಸಂಬಂಧವಷ್ಟೇ, ಕಾರಣವೆಂದು ಸಿದ್ಧವಾಗಿಲ್ಲ. ಸಸ್ಯಾಹಾರಿಗಳಾದ ನಮಗೆ ಬಿ12 ಜೀವಸತ್ವ ದೊರೆಯುವುದು ಮುಖ್ಯವಾಗಿ ಹಾಲು ಮೊಸರುಗಳಿಂದಲೇ. ಬೆಳೆಯುವ ಹುಡುಗಿಯ ಹಾಲು, ಮೊಸರು, ಮಜ್ಜಿಗೆ ಎಲ್ಲವನ್ನೂ ಮೊಡವೆಯ ಭಯದಿಂದ ನಿಲ್ಲಿಸುವುದನ್ನು ನಾವು ಒಪ್ಪುವುದಿಲ್ಲ. ವ್ಯಾಯಾಮಶಾಲೆಗೆ ಹೋಗುವ ಯುವಕರು ಸೇವಿಸುವ ವ್ಹೇ ಪ್ರೋಟೀನ್ ಪುಡಿಯ ಮಾತು ಬೇರೆ. ಅದನ್ನು ಆರಂಭಿಸಿದ ಮೇಲೆ ಮೊಡವೆ ಉಲ್ಬಣಿಸಿದ್ದರೆ ಬಿಟ್ಟು ನೋಡಬಹುದು.

ಚರ್ಮದ ಮೇಲೆ ಇಂದು ಕಾಣುವ ಮೊಡವೆ ಹಲವು ವಾರಗಳ ಹಿಂದೆಯೇ ಒಳಗೆ ಮೊದಲಾಗಿರುತ್ತದೆ. ಆದ್ದರಿಂದ ಆಹಾರ ಬದಲಿಸಿದವರು 12 ವಾರವಾದರೂ ಕಾಯಬೇಕು. ಆದರೆ ಚಿಕಿತ್ಸೆಯನ್ನು ಅಲ್ಲಿಯವರೆಗೆ ಮುಂದೂಡಬಾರದು. ದೊಡ್ಡದಾಗಿ, ನೋವಿನಿಂದ ಗಂಟುಕಟ್ಟುವ ಮೊಡವೆಗಳು ಆಳವಾದ ಗುಳಿಗಳನ್ನು ಬಿಟ್ಟುಹೋಗುತ್ತವೆ. ಆ ಗುಳಿಗಳನ್ನು ಯಾವ ಪಥ್ಯವೂ ತುಂಬಲಾರದು. ಹುಡುಗಿಯರಲ್ಲಿ ಮೊಡವೆಯೊಡನೆ ಮುಟ್ಟು ಏರುಪೇರಾಗಿ, ಗಲ್ಲದ ಮೇಲೆ ಕೂದಲು ದಟ್ಟವಾಗುತ್ತಿದ್ದರೆ ಪಿಸಿಓಎಸ್ ತೊಂದರೆಯಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. 'ಮದುವೆಯಾದರೆ ಸರಿಹೋಗುತ್ತದೆ' ಎಂಬ ಮಾತು ಔಷಧವಲ್ಲ.

ನಮ್ಮ ಊರುಗಳಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮುಖ ಬೇಗನೆ ಬೆಳ್ಳಗಾಗುತ್ತದೆಂದು ಅಂಗಡಿಯಿಂದ ಕೇಳಿ ತಂದು ಹಚ್ಚುವ ಕೆಲವು ಮುಲಾಮುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಮೊದಲ ಕೆಲವು ದಿನ ಮುಖ ತಿಳಿಯಾದಂತೆ ತೋರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳಗಳು ಕೆಂಪಗೆ ಎದ್ದು ಕಾಣುತ್ತವೆ, ಮೊಡವೆ ಮತ್ತಷ್ಟು ಹೆಚ್ಚುತ್ತದೆ. ಬಿಟ್ಟೊಡನೆ ಉರಿ ಏಳುವುದರಿಂದ ಮತ್ತೆ ಅದನ್ನೇ ಹಚ್ಚುವಂತಾಗುತ್ತದೆ. ಚರ್ಮವೈದ್ಯರಲ್ಲಿಗೆ ಹೋಗುವಾಗ ಅದುವರೆಗೆ ಹಚ್ಚಿದ ಟ್ಯೂಬುಗಳು ಖಾಲಿಯಾಗಿದ್ದರೂ ಸರಿ, ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಬೇಕು.